ತೆಗಿಯಾಕ ಬರತೈತಿ

ತಪ್ಪು ಕೈಸರಳದೇ ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ಶಾಲೆಯ ಮಾಸ್ತರು ಹಾಗೆಂದರು. ಠಾಣೆಯ ಹವಾಲ್ದಾರ ಹಾಗೆಂದ. ಜಮಾತಿನ ಹಿರಿಯ ಮಲ್ಲಿಕಸಾಬ ಮನೆಯ ಮುಂದೆ ನಿಂತು, ಓಣಿಗೆಲ್ಲ ಕೇಳುವಂತೆ ಹೇಳಿಹೋದ. ಗಂಡ ದಾದಾಪೀರ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಉಣ್ಣುವಾಗ ಮುಖ ಎತ್ತುವುದನ್ನು ಬಿಟ್ಟ.

ಹನ್ನೊಂದು ವರ್ಷದ ಹುಡುಗಿಯ ಕೈಗೆ ಫೋನು ಕೊಟ್ಟವಳು ಯಾರು? ತಾಯಿ. ಮನೆಯಲ್ಲಿ ಮೆಣಸಿನಕಾಯಿ ತಂದಿಟ್ಟವಳು ಯಾರು? ತಾಯಿ. ಮಗಳು ಉಸಿರಿಗೆ ಒದ್ದಾಡುವಾಗ ಮನೆಯಲ್ಲಿ ಇರದಿದ್ದವಳು ಯಾರು?

ಕೈಸರ ಆಗ ಬ್ಯಾಡಗಿಯ ಗೋದಾಮಿನ ನೆಲದ ಮೇಲೆ ಕೂತು ಒಣ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಹೊತ್ತು ಮೂಡುವ ಮುಂಚೆ ಕೂತರೆ ಮಧ್ಯಾಹ್ನದ ರೊಟ್ಟಿಗೆ ಏಳುವುದು. ಮೂಗಿಗೆ, ಬಾಯಿಗೆ ಹಳೇ ಸೀರೆಯ ತುಂಡು ಕಟ್ಟಿರಬೇಕು. ಆದರೂ ಕೆಮ್ಮು ತಪ್ಪದು. ಉಗುರಿನ ಸಂದಿಯಲ್ಲಿ ಖಾರ ಕೂತುಬಿಟ್ಟರೆ ಸಾಬೂನಿಗೂ ಹೋಗದು, ಮಜ್ಜಿಗೆಗೂ ಹೋಗದು. ಮಗಳು ಅಲ್ಮಾಸ ಕೂಸಾಗಿದ್ದಾಗ ಕೈಸರ ಅವಳನ್ನು ಮೊಣಕೈಯಿಂದಲೇ ಎತ್ತುತ್ತಿದ್ದಳು. ಬೆರಳು ತಗಲಿದರೆ ಕೂಸು ಉರಿಗೆ ಚೀರುತ್ತಿತ್ತು. ಮಗಳ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದು ನೋಡುವ ಸುಖ ಅವಳಿಗೆ ಸಿಕ್ಕಿದ್ದು ಸುಗ್ಗಿ ಮುಗಿದು ಗೋದಾಮು ಖಾಲಿಯಾದ ತಿಂಗಳುಗಳಲ್ಲಿ ಮಾತ್ರ.

ಫೋನು ಬೇಕೆಂದದ್ದು ಶಾಲೆ. ಮನೆಗೆಲಸ ಅದರಲ್ಲೇ ಬರುತ್ತಿತ್ತು. ಫೋನಿಲ್ಲದ ಮಕ್ಕಳು ಬಾಗಿಲ ಹೊರಗೆ ನಿಂತು ಬೇರೆಯವರದನ್ನು ನೋಡಿ ಬರೆದುಕೊಳ್ಳಬೇಕಿತ್ತು. ಕೈಸರ ತನ್ನ ಫೋನನ್ನು ಮನೆಯಲ್ಲಿ ಬಿಟ್ಟುಹೋಗತೊಡಗಿದಳು.

ಆ ಫೋನಿನಲ್ಲಿ ಅಲ್ಮಾಸಳಿಗೆ 'ಗಿಲಕಿ' ಸಿಕ್ಕಿತು. ಅದೊಂದು ಆ್ಯಪು. ಫೋನಿನ ಮುಂದೆ ಕೂತು ಆಡಿದರೆ, ಹಾಡಿದರೆ, ಎಲ್ಲೆಲ್ಲಿಯದೋ ಜನ ಆಗಿಂದಾಗಲೇ ನೋಡುತ್ತಾರೆ. ಮೆಚ್ಚಿದವರು ಪರದೆಯ ಮೇಲೆ ಗಿಲಕಿ ಎಸೆಯುತ್ತಾರೆ. ತೊಟ್ಟಿಲ ಮಗುವಿನ ಆಟಿಕೆಯಂತೆ ಅದು ಗಿಲಗಿಲ ಎನ್ನುತ್ತದೆ. ಹದಿನೆಂಟು ತುಂಬಿತೇ ಎಂದು ಅದು ಒಮ್ಮೆ ಕೇಳಿತ್ತು. ಅಲ್ಮಾಸ ಹೌದು ಎಂಬಲ್ಲಿ ಬೆರಳಿಟ್ಟಳು. ಹಾಲುಹಲ್ಲು ಪೂರ್ತಿ ಉದುರದ ಆ ಮುಖವನ್ನು ದಿನವೂ ನೋಡಿದರೂ ಅದು ಮತ್ತೆ ಕೇಳಲಿಲ್ಲ.

ಬ್ಯಾಡಗಿಯ ಮಕ್ಕಳಿಗೆ ಮೆಣಸಿನಕಾಯಿಯ ಭಯವಿಲ್ಲ. ಅಲ್ಲಿಯ ಡಬ್ಬಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಗೋದಾಮಿನ ನೆಲದಲ್ಲಿ ಅಂಬೆಗಾಲಿಟ್ಟು ಬೆಳೆದ ಅಲ್ಮಾಸ ಅದನ್ನು ಕೊಬ್ಬರಿ ಚೂರಿನಂತೆ ಅಗಿಯುತ್ತಿದ್ದಳು. ದೂರದ ಊರಿನವರಿಗೆ ಅದು ಗೊತ್ತಿಲ್ಲ. ಕೆಂಪಗಿನ ಒಣ ಮೆಣಸಿನಕಾಯಿ ತಿಂದು ನಗುವ ಹುಡುಗಿಯನ್ನು ನೋಡಿ ಅವರು ಬೆರಗಾದರು. ಇನ್ನೊಂದು ತಿನ್ನು ಅಂದರು. ಹಿಡಿ ತುಂಬ ತಿನ್ನು ಅಂದರು. ಗಿಲಕಿ ಎಸೆದರು. ತಾಯಿ ಗೋದಾಮಿನಲ್ಲಿ, ತಂದೆ ಮಾರುಕಟ್ಟೆಯಲ್ಲಿ ಹಮಾಲಿಗೆ. ಶಾಲೆಯಿಂದ ಬಂದ ಹುಡುಗಿಯನ್ನು ಅಷ್ಟು ಜನ ಕಾಯುತ್ತಿದ್ದರು. ಅವಳು ಕೂತಳು.

ಈ ಸಲ ಗೋದಾಮಿಗೆ ಗುಂಟೂರಿನ ಮಾಲು ಬಂತು. ಮುಟ್ಟಿದರೆ ಮೈಯೆಲ್ಲ ಬೆಂಕಿ ಹತ್ತಿಸುವ ಕಾಯಿ. ವಾರದ ಕೊನೆಗೆ ನೆಲದಲ್ಲಿ ಉಳಿದ ಮುರುಕು ಕಾಯಿಯನ್ನು ಹೆಣ್ಣುಮಕ್ಕಳು ಉಡಿಯಲ್ಲಿ ಕಟ್ಟಿಕೊಂಡು ಹೋಗುವುದು ರೂಢಿ. ಗೋದಾಮಿನ ಸಾಹುಕಾರ ರಘೋತ್ತಮ ಕಂಡೂ ಕಾಣದಂತೆ ಆ ಹೊತ್ತಿಗೆ ಹೊರಗೆ ಹೋಗಿ ನಿಲ್ಲುತ್ತಿದ್ದರು. ಕೈಸರ ಒಂದು ಉಡಿ ತಂದು ಯಾವಾಗಲೂ ಹಾಕುವ ಬುಟ್ಟಿಯಲ್ಲೇ ಸುರಿದಳು. ಇದು ಬೇರೆ ಕಾಯಿ ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಮುರುಕಿನಲ್ಲಿ ಕಾಯಿ ಯಾವುದೆಂದು ಅಲ್ಮಾಸಳಿಗೆ ತಿಳಿಯಲಿಲ್ಲ. ಹಿಡಿ ತುಂಬ ಬಾಯಿಗೆ ಹಾಕಿಕೊಂಡಳು. ಕಣ್ಣು, ಮೂಗು ಸುರಿದವು. ನಗಲು ನೋಡಿದಳು. ಉಗುಳಬೇಡ, ನುಂಗು ಅಂದರು ನೋಡುವವರು. ನುಂಗಿದಳು. ವಾಂತಿ ಬಂತು, ಅದು ಉಸಿರಿನ ದಾರಿಗೆ ಹೋಯಿತು. ಕೆಳಗೆ ಬಿದ್ದಳು. ಫೋನು ಬೀಳಲಿಲ್ಲ. ಜನ ಹೆಚ್ಚಾದಂತೆ ಆ್ಯಪು ಅದನ್ನು ಇನ್ನೂ ಹೆಚ್ಚು ಜನರ ಮುಂದೆ ಒಯ್ದಿಟ್ಟಿತು. ನೆಲದಲ್ಲಿ ಹೊರಳುತ್ತಿದ್ದ ಮಗುವಿನ ಮೇಲೆ ಗಿಲಕಿಗಳು ಬೀಳುತ್ತಲೇ ಇದ್ದವು.

ಪಕ್ಕದ ಮನೆಯ ಉಡಚವ್ವ ಜ್ವರವೆಂದು ಅಂದು ಕೆಲಸಕ್ಕೆ ಹೋಗಿರಲಿಲ್ಲ. ಗೋಡೆಯ ಆಚೆಯಿಂದ ಗಿಲಗಿಲ ಕೇಳಿತು. ಆ ಮನೆಯಲ್ಲಿ ಕೂಸಿಲ್ಲವಲ್ಲ ಎಂದುಕೊಂಡಳು. ಮತ್ತೆ ಕೇಳಿತು. ಎದ್ದು ಬಂದಳು. ಹುಡುಗಿಯನ್ನು ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲಿ ರಸ್ತೆಗೆ ಓಡಿದಳು.

ಹಾವೇರಿಯ ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಹಾಕಿದರು. ಅಲ್ಮಾಸ ಬದುಕಿದಳು. ಮುಖಕ್ಕೆ ಅಂಟಿಸಿದ ಪಟ್ಟಿಗೆ ಕೂದಲು ಸಿಕ್ಕಿ ಎಳೆಯುತ್ತದೆಂದು ಅಲ್ಲಿಯ ನರ್ಸಮ್ಮ ದಿನವೂ ಬಿಡುವು ಮಾಡಿಕೊಂಡು ಅವಳಿಗೆ ಜಡೆ ಹಾಕಿದಳು. ಕೈಸರಳಿಗೆ ಆ ತಿಂಗಳಲ್ಲಿ ಅಳು ಬಂದದ್ದು ಅದನ್ನು ನೋಡಿದಾಗ ಮಾತ್ರ.

ದನಿ ಹೋಯಿತು. ಕೊಳವೆ ತೆಗೆದ ಮೇಲೆ ಪಿಸುಮಾತಷ್ಟೇ ಉಳಿಯಿತು. ಹುಬ್ಬಳ್ಳಿಯಲ್ಲಿ ತೋರಿಸಬೇಕು, ದೊಡ್ಡ ಖರ್ಚು ಎಂದರು ಡಾಕ್ಟರು.

ವಿಡಿಯೋ ಉಳಿಯಿತು. ಯಾರೋ ಆ್ಯಪಿನಲ್ಲೇ ಅದಕ್ಕೆ ಹಾಡು ಸೇರಿಸಿದರು. ಯಾರೋ ನಗುವಿನ ಸದ್ದು ಸೇರಿಸಿದರು. ಬೀಳುವ ಜಾಗಕ್ಕೆ ಬಂದಾಗ ಡೋಲು ಬಡಿಯುತ್ತಿತ್ತು. ಶಾಲೆಗೆ ಹೋದರೆ ಮಕ್ಕಳು ಕುತ್ತಿಗೆ ಹಿಡಿದುಕೊಂಡು ನಾಲಿಗೆ ಹೊರಹಾಕಿ ತೋರಿಸಿದರು. ಅಲ್ಮಾಸ ಶಾಲೆ ಬಿಟ್ಟಳು. ಬಾಗಿಲ ಹಿಂದಿನ ಮೂಲೆಯೇ ಅವಳ ಜಾಗವಾಯಿತು.

ವಿಡಿಯೋ ತೆಗೆಸಿಕೊಡಿರೆಂದು ಕೈಸರ ಠಾಣೆಗೆ ಹೋದಳು. ಹವಾಲ್ದಾರ ಆ ವಿಡಿಯೋ ಹಾಕಿ ಅವಳ ಮುಖದ ಮುಂದೆ ಹಿಡಿದ.

"ಇದು ನಿನ್ನ ಮಗಳ ಅಲ್ಲ?"

"ಹೌದ್ರಿ. ಆರಿಸ್ರಿ ಅದನ್ನ."

"ಹುಡುಗರ ಕೈಯಾಗ ಫೋನ್ ಕೊಟ್ಟು ಈಗ ಇಲ್ಲಿ ಅಳಾಕ ಬಂದಿ. ಯಾರ ಮ್ಯಾಲ ಕೇಸ್ ಹಾಕೂನು? ಕಂಪನಿ ಎಲ್ಲೆ ಐತೋ ಏನೋ. ಇಂಥಾವು ಒಮ್ಮೆ ಹೋದ್ವು ಅಂದ್ರ ಹೋದ್ವು. ತೆಗಿಯಾಕ ಬರಂಗಿಲ್ಲ."

ರಘೋತ್ತಮ ತಮ್ಮ ಅಂಗಡಿಯ ಕಂಪ್ಯೂಟರಿನಿಂದ ಕಂಪನಿಗೇ ದೂರು ಬರೆದರು. ಉತ್ತರ ಬಂತು. ಅವರು ಓದಿ ಹೇಳಲು ಹಿಂಜರಿದರು. "ನಮ್ಮ ನಿಯಮ ಏನೂ ಮುರದಿಲ್ಲ, ತೆಗಿಯಾಕ ಬರಂಗಿಲ್ಲ ಅಂತ ಬರದಾರ, ಕೈಸರಬಿ. ಮತ್ತೊಮ್ಮೆ ಬರೀತೇನಿ." ಮತ್ತೊಮ್ಮೆ ಬರೆದರು. ಅದೇ ಉತ್ತರ ಬಂತು.

ಮಾಘದ ಒಂದು ಸಂಜೆ, ಗಂಡ ಹೆಂಡತಿ ಕೆಲಸದಿಂದ ಮರಳಿದ ಹೊತ್ತಿಗೆ, ಕಂಪನಿಯೇ ಮನೆಗೆ ಬಂತು. ತೇಜಸ ಎಂಬ ಹುಡುಗ. ಬೆಂಗಳೂರಿನವನು, ಮೆತ್ತಗಿನ ಮಾತು. ದಾರಿ ತೋರಿಸಲು ರಘೋತ್ತಮರನ್ನು ಕರೆದುಕೊಂಡು ಬಂದಿದ್ದ. ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದು, ಚಾಪೆಯ ಮೇಲೆ ಕೂತ. ಒಳಗಿನ ಗಾಳಿಗೆ ಸೀನು ಬಂತು, ಕರವಸ್ತ್ರ ಹಿಡಿದುಕೊಂಡ.

"ಅಮ್ಮ, ಪಾಪು ವಿಷಯ ಕೇಳಿ ನಮಗೆಲ್ಲ ತುಂಬಾ ಬೇಜಾರಾಯ್ತು. ಹುಬ್ಬಳ್ಳಿ ಚಿಕಿತ್ಸೆ ಪೂರ್ತಿ ನಮ್ಮದು. ನೀವು ಒಂದು ಸಣ್ಣ ಸಹಾಯ ಮಾಡ್ಬೇಕು."

ಮಕ್ಕಳು ಬಳಸುವ ಇಂಥ ಆ್ಯಪುಗಳಿಗೆ ಬಿಗಿಯಾದ ಕಾನೂನು ತರಬೇಕೇ ಎಂದು ಕೇಳಲು ಸರ್ಕಾರ ಒಂದು ಸಮಿತಿ ಮಾಡಿತ್ತು. ಅದು ಊರೂರಿಗೆ ಹೋಗಿ ಜನರ ಮಾತು ಕೇಳುತ್ತಿತ್ತು. ರಾಣೆಬೆನ್ನೂರಿನಲ್ಲಿ ಸಭೆ. ಕೈಸರ ಅಲ್ಲಿ ಬಂದು ಎರಡು ಮಾತು ಹೇಳಬೇಕು. ಮಾತನ್ನು ಅವನೇ ಬರೆದು ತಂದಿದ್ದ.

"ಓದಿ ಹೇಳ್ತೀನಿ ಕೇಳಿ," ಎಂದ.

ಕೈಸರ ಕಾಗದ ಇಸಿದುಕೊಂಡು ತಾನೇ ಓದಿದಳು. 'ನಾನು ಓದುಬರಹ ಬಾರದ ತಾಯಿ. ನನ್ನ ನಿರ್ಲಕ್ಷ್ಯದಿಂದ ನನ್ನ ಮಗಳು ನರಳಿದಳು. ಮಕ್ಕಳನ್ನು ಕಾಪಾಡುವುದು ಕಾನೂನಲ್ಲ, ತಾಯಿಯ ಎಚ್ಚರ.'

"ಓದುಬರಹ ಬಾರದಾಕಿ ಅಂತ ಯಾರು ಹೇಳಿದ್ರು ನಿಮಗ? ಹತ್ತನೇತ್ತಾ ಪಾಸಾಗೇನಿ ನಾ."

ತೇಜಸನ ಕಿವಿ ಕೆಂಪಾಯಿತು. "ಸಾರಿ ಅಮ್ಮ, ಅದೊಂದು ಸಾಲು ತೆಗೆದುಬಿಡೋಣ."

"ಮತ್ತ ಆ ವಿಡಿಯೋ?"

"ಸಭೆ ಮುಗಿದ ಮಾರನೇ ದಿನ ತೆಗೆಸ್ತೀವಿ."

ಕೈಸರ ಕಾಗದವನ್ನು ತೊಡೆಯ ಮೇಲಿಟ್ಟಳು.

"ತೆಗಿಯಾಕ ಬರತೈತಿ?"

"ಬರುತ್ತಮ್ಮ. ಒಂದು ನಿಮಿಷದ ಕೆಲಸ." ಅವನು ಅವಳಿಗೆ ಸಮಾಧಾನ ಹೇಳುತ್ತಿದ್ದೇನೆಂದೇ ತಿಳಿದಿದ್ದ.

ರಘೋತ್ತಮ ತಲೆ ತಗ್ಗಿಸಿದರು. ಬಾಗಿಲ ಹಿಂದೆ ಅಲ್ಮಾಸಳ ಬಳೆ ಒಮ್ಮೆ ಅಲ್ಲಾಡಿತು. ಕೈಸರ ಎದ್ದು ಒಳಗೆ ಹೋದಳು. ಹೊರಗೆ ಬರಲೇ ಇಲ್ಲ. ದಾದಾಪೀರನೇ, ಸಭೆಗೆ ಬರುತ್ತಾಳೆಂದು ಹೇಳಿ, ಅವರನ್ನು ಕಾರಿನವರೆಗೆ ಕಳಿಸಿ ಬಂದ.

"ಓದಿಬಿಡು," ಎಂದ ಬಂದವನೇ. "ಎರಡು ಮಾತು. ನಿನ್ನ ಬಾಯೇನು ಸವೆಯಂಗಿಲ್ಲ. ಹುಡುಗಿ ದನಿ ಬರತೈತಿ."

"ಸುಳ್ಳು ಓದ್ಲೇನು?"

"ಫೋನ್ ಕೊಟ್ಟಾಕಿ ನೀನ. ಕಾಯಿ ತಂದಾಕಿ ನೀನ. ಸುಳ್ಳು ಯಾವುದು ಅದರಾಗ?"

ಇಷ್ಟು ತಿಂಗಳ ಮೇಲೆ ಅವನು ಅದನ್ನು ಬಾಯಲ್ಲಿ ಆಡಿದ್ದ. ಆಡಿದ ಮೇಲೆ ತಾನೇ ಗೋಡೆಗೆ ಮುಖ ಮಾಡಿ ಕೂತ. ದಿನವಿಡೀ ಚೀಲ ಹೊತ್ತ ಬೆನ್ನು ನೇರವಾಗದೆ ಬಿಲ್ಲಿನಂತೆ ಬಾಗಿತ್ತು. ಕೈಸರಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅಲ್ಮಾಸ ಮೂಲೆಯಿಂದ ಎದ್ದು ಬಂದು ತಾಯಿಯ ಕಿವಿಗೆ ಬಾಯಿಟ್ಟಳು. ಪಿಸುಮಾತು ಕೇಳಬೇಕಾದರೆ ಅಷ್ಟು ಹತ್ತಿರ ಬರಬೇಕಿತ್ತು.

"ಅಮ್ಮೀ, ತಪ್ಪು ನಂದು ಅಂತ ಬರಿಯಾಕ ಹೇಳು. ನೀ ಬೈಸಿಕೊಳ್ಳೂದು ಬ್ಯಾಡ."

ಕೈಸರಳ ಮೈ ಉರಿಯಿತು. ಅದು ಮೆಣಸಿನಕಾಯಿಯ ಉರಿಯಲ್ಲ.

ಸಭೆಯ ದಿನ ಅವಳು ಬೆಳಗಿನ ಕೆಲಸಕ್ಕೆ ಹೋದಳು. ಅರ್ಧ ಹೊತ್ತಿಗೆ ಎದ್ದಳು. ಜೊತೆಗೆ ಉಡಚವ್ವ ಎದ್ದಳು, ಹೊಳಿಯವ್ವ ಎದ್ದಳು, ಕುಲ್ಸುಮಬಿ ಎದ್ದಳು. ಅವರ ಹಿಂದೆ ತೊಟ್ಟು ಮುರಿಯುವವರ ಇಡೀ ಸಾಲು ಎದ್ದಿತು. ಯಾರೂ ಕರೆದಿರಲಿಲ್ಲ.

"ಮೈ ತೊಳಕೊಂಡು ಹೋಗೂನೇನ್ರೇ?" ಎಂದಳು ಹೊಳಿಯವ್ವ.

"ಯಾಕ? ಮದುವಿಗೆ ಹೊಂಟೀವೇನು?" ಎಂದಳು ಉಡಚವ್ವ.

ಬಸ್ಸಿನಲ್ಲಿ ಹಿಂದಿನಿಂದ ಮುಂದಿನವರೆಗೆ ಸೀನು ಹಬ್ಬಿತು. ಕಂಡಕ್ಟರ ಮೂಗು ಮುಚ್ಚಿಕೊಂಡು, "ಏನ್ರಬೇ, ಬಸ್ಸಿಗೆ ಒಗ್ಗರಣಿ ಹಾಕಾಕ ಬಂದೀರೇನು?" ಎಂದ. ಆದರೂ ಒಂದೊಂದೇ ಕಿಟಕಿ ತಾನೇ ತೆರೆಯುತ್ತ ಹೋದ. ರಾಣೆಬೆನ್ನೂರಿನಲ್ಲಿ ನಿಲ್ದಾಣಕ್ಕಿಂತ ಮುಂಚೆ, ಸಭಾಭವನದ ಬಾಗಿಲಲ್ಲೇ ಇಳಿಸಿದ.

ಒಳಗೆ ತಂಪು. ಗೋಡೆಯ ಮೇಲೆ ಗಿಲಕಿ ಕಂಪನಿ ಕೊಟ್ಟ ದೊಡ್ಡ ಬ್ಯಾನರು: 'ಪಾಲಕರೇ, ಎಚ್ಚರ!' ವೇದಿಕೆಯ ಮೇಲೆ ಸಮಿತಿಯ ಅಧ್ಯಕ್ಷೆ ನಲಿನಿ, ನಿವೃತ್ತ ನ್ಯಾಯಾಧೀಶೆ. ಪಕ್ಕದಲ್ಲಿ ಅಧಿಕಾರಿಗಳು. ತೇಜಸ ಮೈಕಿನಲ್ಲಿ ಹೇಳುತ್ತಿದ್ದ: ಕಾನೂನು ಬಿಗಿ ಮಾಡಿದರೆ ಉದ್ಯಮ ಸೊರಗುತ್ತದೆ, ಬೇಕಿರುವುದು ಜಾಗೃತಿ. ಹೆಣ್ಣುಮಕ್ಕಳು ಒಳಗೆ ಬಂದು ಸೆರಗು ಕೊಡವಿದರು. ಮುಚ್ಚಿದ ಕಿಟಕಿಗಳ ಆ ತಂಪಿನಲ್ಲಿ ಘಾಟು ಏರಿತು. ಮುಂದಿನ ಸಾಲು ಕೆಮ್ಮಿತು. ಅಧಿಕಾರಿಯೊಬ್ಬರು ಕೆಮ್ಮಿದರು. ತೇಜಸನ ಮಾತು ಅರ್ಧಕ್ಕೆ ಕೆಮ್ಮಿನಲ್ಲಿ ಸಿಕ್ಕಿತು.

"ನಮ್ಮ ಉದ್ಯಮ ಸ್ವಾಮಿ ಇದು," ಎಂದಳು ಉಡಚವ್ವ, ಯಾರಿಗೆಂದಲ್ಲದೆ.

ಕೈಸರಳ ಹೆಸರು ಕರೆದರು. ಅವಳು ಮೇಲೆ ಹೋದಳು. ಜವಾನನೊಬ್ಬ ಮೈಕನ್ನು ಅವಳ ಎತ್ತರಕ್ಕೆ ತಗ್ಗಿಸಿಕೊಟ್ಟು, "ಹೆದರಬ್ಯಾಡ್ರಿ," ಎಂದು ಸರಿದ.

"ನನ್ನ ಹೆಸರು ಕೈಸರ. ಬ್ಯಾಡಗ್ಯಾಗ ಮೆಣಸಿನಕಾಯಿ ತೊಟ್ಟು ಮುರೀತೇನಿ. ಓದು ಅಂತ ಇವರು ಒಂದು ಕಾಗದಾ ಕೊಟ್ಟಾರ. ನಾ ಓದಂಗಿಲ್ಲ."

"ಓದೋಕೆ ಕಷ್ಟ ಆದ್ರೆ ನಾನೇ ಓದ್ತೀನಮ್ಮ," ಎಂದ ತೇಜಸ.

"ಕಷ್ಟ ಇಲ್ಲಪಾ. ಸುಳ್ಳೈತಿ. ಅದಕ್ಕ ಓದಂಗಿಲ್ಲ." ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. "ಕಾಯಿ ನಾ ತಂದಿದ್ದೆ. ಯಾವ ಕಾಯಿ ಅಂತ ಮಗಳಿಗೆ ಹೇಳಲಿಲ್ಲ. ಅದು ನನ್ನ ತಪ್ಪು. ಸಾಯೂಮಟಾ ಹೊರತೇನಿ. ಅದನ್ನ ನೀವು ಬರಕೊಡೂದು ಬ್ಯಾಡ. ಆದ್ರ ನುಂಗು ನುಂಗು ಅನ್ನೂ ಮಂದಿನ್ನ ತಂದು ನನ್ನ ಮಗಳ ಮುಂದ ಕುಂದ್ರಿಸಿದವರು ಯಾರು? ಹಾಲಹಲ್ಲಿನ ಹುಡುಗಿಗೆ ಹದಿನೆಂಟು ತುಂಬೇತಿ ಅಂತ ನಂಬಿದವರು ಯಾರು? ಆಕಿ ನೆಲಕ್ಕ ಬಿದ್ದು ಒದ್ದಾಡೂವಾಗ ಇನ್ನಷ್ಟು ಮಂದಿನ್ನ ಕರದವರು ಯಾರು? ನನ್ನ ಪಾಲಿಂದು ನಾ ಹೇಳಿದೆ. ಇವರ ಪಾಲಿಂದು ಇವರು ಹೇಳಲಿ."

"ಸಮಯ ಆಯ್ತು," ಎಂದರು ಒಬ್ಬ ಅಧಿಕಾರಿ.

"ಇನ್ನೂ ಆಗಿಲ್ಲ," ಎಂದರು ನಲಿನಿ. "ಮಾತಾಡವಾ."

"ಫೋನ್ ಕಸಗೋ ಅಂತೀರಿ. ಸಾಲ್ಯಾಗ ಅದ ಬೇಕಂತಾರ. ಮನ್ಯಾಗ ಕುಂತು ಮಕ್ಕಳನ್ನ ಕಾಯಿ ಅಂತೀರಿ. ಕಾದ್ರ ಉಣ್ಣೂದೇನು? ನಮ್ಮ ಮಾರ್ಕೆಟ್ನಾಗ ಕಾಯಿಗೆ ಕಳ್ಳ ಬಣ್ಣಾ ಬೆರಸಿದ್ರ ಬೆರಸಿದವನ್ನ ಹಿಡೀತಾರ. ತಿಂದ ಹುಡುಗರ ತಾಯಿನ್ನ ಹಿಡಿಯಂಗಿಲ್ಲ. ಇಲ್ಲಿ ಯಾಕ ನನ್ನ ಹಿಡದೀರಿ?" ತೇಜಸನ ಕಡೆ ತಿರುಗಿದಳು. "ತೆಗಿಯಾಕ ಬರಂಗಿಲ್ಲ ಅಂತ ಎಲ್ಲಾರೂ ಹೇಳಿದ್ರು. ನಿಮ್ಮ ಕಂಪನಿನೂ ಹೇಳ್ತು. ಮೊನ್ನೆ ನಮ್ಮ ಚಾಪಿ ಮ್ಯಾಲ ಕುಂತು ನೀವ ಅಂದ್ರಿ, ಒಂದು ನಿಮಿಷದ ಕೆಲಸ ಅಂತ. ಅಷ್ಟು ದಿನಾ ಆ ಒಂದು ನಿಮಿಷ ಎಲ್ಲಿತ್ತು? ಈಗ ತೆಗೀರಿ."

"ಅದಕ್ಕೊಂದು ಕ್ರಮ ಇದೆಯಮ್ಮ..."

"ಈಗ ತೆಗೀಲಿಕ್ಕೆ ಬರ್ತದೋ ಇಲ್ಲೋ?" ಎಂದರು ನಲಿನಿ. "ಅಷ್ಟ ಹೇಳ್ರಿ."

ತೇಜಸ ಫೋನನ್ನು ಜೇಬಿಗೆ ಹಾಕಿಕೊಂಡ. ಕೈಸರ ವೇದಿಕೆಯ ನೆಲದ ಮೇಲೆ ಕೂತಳು. ಒಂದು ಕಾಲು ಮಡಿಚಿ, ಒಂದು ಮೊಣಕಾಲು ಎತ್ತಿ, ಗೋದಾಮಿನಲ್ಲಿ ಕೂರುವ ಹಾಗೆ. ಅಧಿಕಾರಿ ಎದ್ದು ನಿಂತರು.

"ಏ, ಏಳಮ್ಮ. ಏನಿದು? ಇನ್ನೂ ಜನ ಮಾತಾಡೋರಿದ್ದಾರೆ."

"ಏಳಂಗಿಲ್ರಿ. ತೆಗಿಯೂಮಟಾ ಏಳಂಗಿಲ್ಲ."

ಪೊಲೀಸಿನವನೊಬ್ಬ ಹತ್ತಿರ ಬಂದು ತೋಳಿಗೆ ಕೈ ಹಾಕಿದ. ಅದೇ ಕೈಯಿಂದ ಕಣ್ಣು ಒರೆಸಿಕೊಂಡ. ಕಣ್ಣೀರು ಸುರಿಯುತ್ತ ಹಿಂದೆ ಸರಿದ. ಉಡಚವ್ವ ವೇದಿಕೆ ಏರಿ ಕೈಸರಳ ಪಕ್ಕ ಕೂತಳು. ಹೊಳಿಯವ್ವ ಕೂತಳು. ಕುಲ್ಸುಮಬಿ ಸೆರಗು ಸರಿಮಾಡಿಕೊಂಡು ಕೂತಳು. ಇಡೀ ಸಾಲು ಬಂದು ಕೂತಿತು.

"ಹೊತ್ತು ಮುಣಗೂತನಕ ಕುಂದ್ರೂದು ನಮಗ ರೂಢಿ ಐತಿ, ಸಾಹೇಬ್ರ," ಎಂದಳು ಕುಲ್ಸುಮಬಿ. "ನಿಮಗ ಬ್ಯಾಸರಾದ್ರ ಹೇಳ್ರಿ."

ನಲಿನಿ ಕುರ್ಚಿಗೆ ಒರಗಿ, ಕಿಟಕಿ ತೆರೆಯಲು ಜವಾನನಿಗೆ ಸನ್ನೆ ಮಾಡಿದರು. "ನಾವೂ ಕುಂತಿರ್ತೀವಿ," ಎಂದರು. ತೇಜಸ ಫೋನು ಹಿಡಿದು ಹೊರಗೆ ಹೋದ. ಒಳಗೆ ಬಂದ. ಮತ್ತೆ ಹೋದ. ಗಾಜಿನ ಬಾಗಿಲಾಚೆ ಯಾರೊಂದಿಗೋ ಕೈಯಾಡಿಸಿ ಮಾತಾಡುತ್ತಿದ್ದುದು ಕಾಣುತ್ತಿತ್ತು.

ದಾದಾಪೀರ ಬಂದದ್ದು ಯಾರಿಗೂ ಗೊತ್ತಾಗಿರಲಿಲ್ಲ. ಹಮಾಲಿಯ ಅಂಗಿಯಲ್ಲೇ ಹಿಂದಿನ ಬಾಗಿಲಲ್ಲಿ ನಿಂತಿದ್ದ. ಹುಬ್ಬಳ್ಳಿಯ ಚಿಕಿತ್ಸೆ ಹೋಯಿತೆಂದು ಅವನಿಗೆ ತಿಳಿದಿತ್ತು. ಎಷ್ಟೋ ಹೊತ್ತು ಹೆಂಡತಿಯನ್ನೇ ನೋಡಿದ. ಆಮೇಲೆ ಹೊರಗೆ ಹೋಗಿ ನೀರಿನ ಕ್ಯಾನು ಹೆಗಲ ಮೇಲೆ ಹೊತ್ತು ತಂದು ಅವಳ ಮುಂದಿಟ್ಟ. ಲೋಟ ತುಂಬಿ ಮೊದಲು ಉಡಚವ್ವನಿಗೆ ಕೊಟ್ಟ. ಆಮೇಲೆ ಅವಳಿಗೆ.

"ಕುಡಿ," ಎಂದ. ಅವಳ ಮುಖ ನೋಡಿಯೇ ಎಂದ.

ಬಿಸಿಲು ಕಿಟಕಿಯಿಂದ ಗೋಡೆಗೆ ಏರಿದಾಗ ತೇಜಸ ವೇದಿಕೆಗೆ ಬಂದ. ಮಂಡಿಯೂರಿ ಫೋನು ಮುಂದೆ ಹಿಡಿದ. ಅವನ ಮುಖ ಸೋತಿತ್ತು. ಎಳೆಯ ಹುಡುಗ, ಇವನನ್ನೂ ಯಾರೋ ಬೈದಿರಬೇಕು ಎಂದುಕೊಂಡಳು ಕೈಸರ.

"ನೋಡಿಯಮ್ಮ. ಹೋಯ್ತು. ಎಲ್ಲ ಕಡೆಯಿಂದ ತೆಗೆಸಿದ್ದೀವಿ. ಇನ್ನು ಏಳಿ."

ಅವಳು ನೋಡಿದಳು. ಮಗಳ ಮುಖವಿದ್ದ ಜಾಗ ಬೆಳ್ಳಗೆ ಖಾಲಿಯಿತ್ತು. ಅವಳ ಎದೆಯಿಂದ ಯಾವುದೋ ಚೀಲ ಇಳಿದಂತಾಯಿತು.

"ಆತಲ್ಲ, ಏಳು," ಎಂದು ಉಡಚವ್ವ ಅವಳ ಕೈಹಿಡಿದಳು. "ಅಲ್ಮಾಸಗ ಹೇಳೂನು ನಡಿ."

ಕೈಸರ ಏಳಲು ನೆಲಕ್ಕೆ ಅಂಗೈ ಊರಿದಳು. ಆಗ ಫೋನಿನ ಪರದೆ ತಾನಾಗಿ ಮೇಲೆ ಸರಿಯಿತು. ಇನ್ನೊಂದು ವಿಡಿಯೋ ಬಂತು. ಯಾವ ಊರಿನದೋ ಹುಡುಗಿ. ಎಂಟು ವರ್ಷವಿದ್ದೀತು. ಹಿಂದೆ ತಗಡಿನ ಗೋಡೆ. ಹೊಡೆದುಕೋ, ಇನ್ನೂ ಜೋರಾಗಿ ಹೊಡೆದುಕೋ ಎಂದು ಜನ ಬರೆಯುತ್ತಿದ್ದರು. ಹುಡುಗಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದಳು. ಎರಡೂ ಕೆನ್ನೆ ಕೆಂಪಗೆ ಬಾತಿದ್ದವು. ಕಣ್ಣಲ್ಲಿ ನೀರು ತುಂಬಿತ್ತು. ನಗುತ್ತಿದ್ದಳು. ಗಿಲಗಿಲ, ಗಿಲಗಿಲ ಎನ್ನುತ್ತಿತ್ತು ಫೋನು.

ತೇಜಸ ಗಡಬಡಿಸಿ ಅದನ್ನು ಆರಿಸಲು ಹೋದ. ಕೈಸರ ಅವನ ಕೈಯಿಂದ ಫೋನು ಕಸಿದು ನಲಿನಿಯವರ ಮೇಜಿನ ಮೇಲೆ, ಪರದೆ ಮೇಲಾಗಿ ಇಟ್ಟಳು. ಇಟ್ಟು ಬಂದು ಮತ್ತೆ ಮೊದಲಿನ ಜಾಗದಲ್ಲೇ ಕೂತಳು.

"ಇದೇನಮ್ಮ?" ಎಂದರು ಅಧಿಕಾರಿ. "ನಿನ್ನ ಮಗಳದು ತೆಗೆದಾಯ್ತಲ್ಲ?"

"ಈ ಕೂಸಿನ ತಾಯಿ ಎಲ್ಲಿ ಅದಾಳೋ ನನಗ ಗೊತ್ತಿಲ್ರಿ," ಎಂದಳು ಕೈಸರ. "ಯಾವ ಗೋದಾಮಿನಾಗ ಕುಂತಾಳೋ ಏನೋ. ಆಕಿ ಬರೂಮಟಾ ಆಕಿ ಜಾಗಾದಾಗ ನಾ ಕುಂತೇನಿ. ಕಾನೂನು ಏನು ಬರೀತೀರೋ ನನ್ನ ಮುಂದ ಬರೀರಿ."